ಇಂಟು ಮಾರ್ಕಿನ ಡ್ರಮ್ಮು

ಕೋಥರೂಡ, ಪುಣೆ
7 ಜುಲೈ 2024

ಶಂಕ್ರೆಪ್ಪಣ್ಣನವರಿಗೆ ಮನೋಹರನ ಶರಣು.

ಫೋನ್ ಹಚ್ಚಿ ಹಚ್ಚಿ ನನಗೆ ಸಾಕಾಯಿತು. ಮಾರ್ಚ್ ತಿಂಗಳಿಂದ ನೀವು ಎತ್ತಿಲ್ಲ. ಕಟ್ ಕೂಡ ಮಾಡುವುದಿಲ್ಲ, ರಿಂಗ್ ಮುಗಿಯುವ ತನಕ ಬಿಡುತ್ತೀರಿ. ಅಂದರೆ ಫೋನ್ ಕೈಯಲ್ಲೇ ಹಿಡಿದು ನನ್ನ ಹೆಸರು ನೋಡುತ್ತ ಕೂತಿರುತ್ತೀರಿ. ಇಪ್ಪತ್ತಾರು ವರ್ಷ ಕುರಕುಂಭದ ಕೆಮಿಕಲ್ ಕಾರ್ಖಾನೆಯ ಒಂದೇ ಗೋದಾಮಿನಲ್ಲಿ ಇದ್ದವನಿಗೆ ಇಷ್ಟೂ ಗೊತ್ತಾಗುವುದಿಲ್ಲವೇ? ನಾನು ಸ್ಟೋರ್ ಕೀಪರ್, ನೀವು ಲೋಡಿಂಗ್ ಗ್ಯಾಂಗಿನ ಮುಕಾದಮ. ನಾನು ಡ್ರಮ್ಮಿನ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಬೇಕು, ನಿಮ್ಮ ಮಂದಿ ಎತ್ತಿ ಪ್ಲಾಂಟಿಗೆ ಒಯ್ಯಬೇಕು. ನಡುವೆ ಮಾತೇ ಬೇಕಾಗಿರಲಿಲ್ಲ. ಈಗ ಬೇಕಾಗಿದೆ, ಅದಕ್ಕೇ ಈ ಪತ್ರ.

ಮೊದಲು ನನ್ನ ಸುದ್ದಿ. ನಾನು ನೌಕರಿ ಬಿಟ್ಟೆ. ಗೇಟಿನಲ್ಲಿ ಕೇಳಿಯೇ ಇರುತ್ತೀರಿ. ನಾನೇ ಮೊದಲು ಹೇಳಬೇಕಾಗಿತ್ತು. ಐವತ್ತೆರಡನೇ ವಯಸ್ಸಿನಲ್ಲಿ ಗ್ರಾಫಿಕ್ ಡಿಸೈನ್ ಕಲಿಯಲು ಸೇರಿದ್ದೇನೆ. ಬಿಸ್ಕೀಟ್ ಪುಡಿಕೆಯ ಚಿತ್ರ, ಅಂಗಡಿಯ ಬೋರ್ಡು, ಔಷಧದ ಡಬ್ಬಿಯ ಮೇಲಿನ ಅಕ್ಷರ, ಇವು ತಾವಾಗಿ ಹುಟ್ಟುವುದಿಲ್ಲ. ಯಾರೋ ಕೂತು, ನೋಡುವವನಿಗೆ ಏನು ತಿಳಿಯಬೇಕು ಎಂದು ಯೋಚಿಸಿ ಮಾಡಿರುತ್ತಾರೆ. ದಸರೆಯ ಖಂಡೆ ಪೂಜೆಗೆ ಪ್ರತಿ ವರ್ಷ ಗೋದಾಮಿನ ಬೋರ್ಡು ನಾನೇ ಬರೆಯುತ್ತಿದ್ದೆನಲ್ಲ, ಆ ಒಂದು ದಿನಕ್ಕಾಗಿ ವರ್ಷವೆಲ್ಲ ಕಾಯುತ್ತಿದ್ದೆ. ಇನ್ನು ಕಾಯುವುದು ಬೇಡ ಅನ್ನಿಸಿತು.

ಕ್ಲಾಸು ಇರುವುದು ಸದಾಶಿವ ಪೇಠದಲ್ಲಿ, ಒಂದು ಹಳೇ ವಾಡೆಯ ಮೇಲಿನ ಅಂತಸ್ತಿನಲ್ಲಿ. ಮೊದಲ ದಿನ ನಾನು ಒಳಗೆ ಕಾಲಿಟ್ಟ ಕೂಡಲೇ ಹುಡುಗ ಹುಡುಗಿಯರೆಲ್ಲ ಎದ್ದು ನಿಂತರು, ಮಾಸ್ತರು ಬಂದರು ಎಂದು. ನಾನು ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ. ಕಲಿಸುವ ಶೀತಲ್ ಮೇಡಂಗೆ ಇಪ್ಪತ್ತೊಂಬತ್ತು ವರ್ಷ. ಮನೆ ಸದ್ಯ ಭಾಗ್ಯಾಳ ಬ್ಯಾಂಕಿನ ನೌಕರಿಯ ಮೇಲೆ ನಡೆದಿದೆ. "ಗಂಡ ಸಾಲಿಗೆ ಹೋಗ್ಯಾನ ಅಂತ ಹೇಳಾಕ ನನಗೇನ್ ನಾಚಿಕಿ ಇಲ್ಲ" ಅನ್ನುತ್ತಾಳೆ ಅವಳು. ನಾಚಿಕೆ ಇರುವುದು ನನಗೆ. ನಮ್ಮ ಸೊಸೈಟಿಯ ಮನೆಗಳವರಿಗೆ ನೌಕರಿಗೆ ಸುಟ್ಟಿ ಹಾಕಿದ್ದೇನೆ ಎಂದು ಹೇಳಿ, ಡ್ರಾಯಿಂಗ್ ಕಾಗದಗಳನ್ನು ಕಾಯಿಪಲ್ಲೆ ಚೀಲದಲ್ಲಿ ಹಾಕಿಕೊಂಡು ಹೋಗುತ್ತೇನೆ.

ನಿಮ್ಮ ಮನೆಯವರು, ಯಮನವ್ವ ವೈನಿಯ ಕೈ ಹೇಗಿದೆ? ಇದನ್ನು ಬರೆಯುವ ಮೊದಲು ನಾಲ್ಕು ಸಲ ಪೆನ್ನು ಕೆಳಗಿಟ್ಟೆ. ಆ ಸೋರುವ ಆಸಿಡ್ ಡ್ರಮ್ಮು ಅವರ ಕೈಯ ಮೇಲೆ ಚೆಲ್ಲಿದ ದಿನ, 'ಕಾರ್ಮಿಕ ಮಹಿಳೆಯ ಅಜಾಗರೂಕತೆಯಿಂದ' ಎಂದು ಸೇಫ್ಟಿ ಆಫೀಸರು ವರದಿ ಬರೆದರು. ಕೆಳಗೆ ಸಾಕ್ಷಿ ಎಂದು ನನ್ನ ಸಹಿ ಇದೆ. ಮುಟ್ಟಬಾರದು ಎಂದು ಡ್ರಮ್ಮಿಗೆ ಅಂಗೈ ಅಗಲದ ಕೆಂಪು ಇಂಟು ಮಾರ್ಕಿನ ಚೀಟಿ ಅಂಟಿಸಿದ್ದರು, ಆದರೂ ವೈನಿ ಎತ್ತಿದರು. ಇದು ಸುಳ್ಳಲ್ಲ. ಸುಳ್ಳಲ್ಲದ್ದಕ್ಕೆ ಸಹಿ ಹಾಕಿದ್ದು ತಪ್ಪೇ, ನೀವೇ ಹೇಳಿ.

ನಿಮ್ಮ ತಮ್ಮ,
ಮನೋಹರ
(ತಮ್ಮಾ ಎಂದು ಕರೆಯಲು ಶುರು ಮಾಡಿದ್ದು ನೀವು. ಅದನ್ನು ವಾಪಸು ತಗೊಳ್ಳಲು ಬರುವುದಿಲ್ಲ.)

* * *

ಕುರಕುಂಭ
28 ಜುಲೈ 2024

ಸ್ಟೋರ್ ಸಾಹೇಬರಿಗೆ,

ಪತ್ರ ಮುಟ್ಟಿತು. ಗೇಟಿನವನು ಎಲ್ಲರ ಮುಂದೆ ಕೊಟ್ಟ, ತಗೊಳ್ಳದೆ ಗತಿ ಇರಲಿಲ್ಲ. ಏಳನೇ ಇಯತ್ತೆ ಓದಿದ ಕೈ ನನ್ನದು, ತಪ್ಪಿದ್ದರೆ ತಿದ್ದಿಕೊಂಡು ಓದಿರಿ. ಈಗ ನೀವೂ ಸಾಲಿ ಹುಡುಗರೇ, ತಿದ್ದಲು ಬರುತ್ತದೋ ಇಲ್ಲವೋ.

ನೌಕರಿ ಬಿಟ್ಟದ್ದಕ್ಕೆ ಚಿತ್ರದ ಹುಚ್ಚು ಎಂದು ಬರೆದಿದ್ದೀರಿ. ಇರಬಹುದು. ಆದರೆ ಯಮನವ್ವ ಕೈಗೆ ಬಟ್ಟೆ ಸುತ್ತಿಕೊಂಡು ಕೆಲಸಕ್ಕೆ ಬರಲು ಶುರು ಮಾಡಿದ ಮೇಲೆ ನೀವು ಹಿಂದಿನ ಗೇಟಿನಿಂದ ಹೋಗಿ ಬಂದು ಮಾಡಿದಿರಿ. ಅದನ್ನು ನಾನು ನೋಡಿದ್ದೇನೆ.

ಕೈ ಕೇಳಿದ್ದೀರಿ. ಬಲಗೈಯ ಕೊನೆಯ ಎರಡು ಬೆರಳು ಕೂಡಿಕೊಂಡಿವೆ. ರೊಟ್ಟಿ ಬಡಿಯುತ್ತಾಳೆ, ಮೊದಲಿನ ದುಂಡು ಬರುವುದಿಲ್ಲ. ಅದಕ್ಕೆ ಅವಳು ಅತ್ತಿಲ್ಲ. ಅವಳಿಗೆ ನಟ್ಟಿದ್ದು ಆ ವರದಿಯ ಮಾತು. ಅವಳನ್ನು ಲೋಡಿಂಗಿನಿಂದ ತೆಗೆದು ಅಂಗಳ ಗುಡಿಸಲು ಹಾಕಿದ್ದಾರೆ. ನಮ್ಮ ಕಡೆಯಿಂದ ಹೊಸ ಹೆಣ್ಣುಮಕ್ಕಳು ಕೆಲಸಕ್ಕೆ ಬಂದರೆ ಸೂಪರ್‌ವೈಜರ್ ಅವಳ ಕಡೆ ಬೆರಳು ತೋರಿಸಿ, "ಆಕಿ ಹಂಗ ಬೇಫಿಕೀರ್ ಇರಬ್ಯಾಡ್ರಿ" ಅನ್ನುತ್ತಾನೆ. ಹದಿನೆಂಟು ವರ್ಷ ಒಂದು ಹನಿ ಚೆಲ್ಲದವಳು ಕಸಬರಿಗೆ ಹಿಡಿದು ಕೇಳಿಸಿಕೊಳ್ಳುತ್ತಾಳೆ.

ಕೇಳಿದರೆ ಅವಳದು ಒಂದೇ ಮಾತು: "ಗುರ್ತು ಇತ್ತು, ಅದಕ್ಕ ಎತ್ತೀನಿ." ಗುರುತು ಇದ್ದರೆ ಎತ್ತಬಾರದಲ್ಲ ಎಂದು ಆಫೀಸಿನವರೆಲ್ಲ ನಕ್ಕರು. ಆಸಿಡ್ಡಿಗೆ ತಲೆ ಸುತ್ತಿರಬೇಕು ಎಂದು ನಾನೂ ಒಮ್ಮೆ ಬೈದೆ.

ನೀವು ಸುಳ್ಳು ಬರೆದಿಲ್ಲ ಎಂದು ನನಗೂ ಗೊತ್ತು ಸಾಹೇಬರೇ. ಆದರೆ ಅವಳು ಎಂಥವಳು ಎಂದು ನಿಮಗೆ ಗೊತ್ತಿತ್ತು. ಒಂದು ಮಾತು ಕೇಳಿ ಸಹಿ ಹಾಕಬಹುದಿತ್ತು.

ಶಂಕ್ರೆಪ್ಪ
ಮುಕಾದಮ, ಲೋಡಿಂಗ್

* * *

ಕೋಥರೂಡ, ಪುಣೆ
15 ಸೆಪ್ಟೆಂಬರ್ 2024

ಶಂಕ್ರೆಪ್ಪಣ್ಣನವರಿಗೆ,

ನಿಮ್ಮ ಪತ್ರ ಬಂದು ಒಂದೂವರೆ ತಿಂಗಳಾಯಿತು. ಉತ್ತರ ಬರೆಯುವ ಮುಖ ಇರಲಿಲ್ಲ. ಇವತ್ತು ಬರೆಯಲೇಬೇಕಾದ ಸಂಗತಿ ನಡೆದಿದೆ.

ಹೋದ ವಾರ ಶೀತಲ್ ಮೇಡಂ ಒಂದು ಕೆಲಸ ಕೊಟ್ಟರು. ಒಂದೂ ಅಕ್ಷರ ಬಳಸದೆ 'ಮುಟ್ಟಬೇಡಿ' ಎಂದು ಹೇಳುವ ಚಿತ್ರ ಮಾಡಬೇಕು. ನನಗೆ ಇದಕ್ಕಿಂತ ಸುಲಭ ಯಾವುದು? ಒಂದು ಡ್ರಮ್ಮು ಬರೆದೆ, ಮೇಲೆ ಕೆಂಪು ಇಂಟು ಮಾರ್ಕು. ಅಳತೆ ಕೂಡಿಸಲು ಎರಡು ದಿನ ತಗೊಂಡೆ. ಮೌಸು ನನ್ನ ಕೈಯಲ್ಲಿ ಇನ್ನೂ ಹೊಸ ಎತ್ತಿನ ಹಾಗೆ ಆಡುತ್ತದೆ, ಆದರೂ ಗೆರೆ ಚೆನ್ನಾಗಿ ಬಂತು. "ಕಾಕಾ, ಏಕದಮ್ ಸ್ವಚ್ಛ" ಎಂದು ಮೇಡಂ ಎಲ್ಲರಿಗೂ ತೋರಿಸಿದರು. ನಾನು ಆ ಚಿತ್ರವನ್ನು ಮನೆಗೆ ತಂದು ಟೀವಿಯ ಪಕ್ಕ ನಿಲ್ಲಿಸಿದೆ.

ಇವತ್ತು ಗಣಪತಿಯ ರವಿವಾರ. ಅಟ್ಟದ ಮೇಲಿನ ರದ್ದಿ ಡಬ್ಬಗಳನ್ನು ಇಳಿಸಿ ಅಂಗಳಕ್ಕೆ ಕಳಿಸುವ ಕೆಲಸ ಹಚ್ಚಿದ್ದೆವು. ನಾನು ಸೀಮೆಸುಣ್ಣ ಹಿಡಿದು ಒಂದೊಂದೇ ಡಬ್ಬ ತೆಗೆದು ನೋಡಿ ಗುರುತು ಮಾಡುತ್ತ ಹೋದೆ. "ಯಾವ್ಯಾವ್ ಕೆಳಗ ಒಯ್ಯಬೇಕ್ರಿ?" ಎಂದು ಭಾಗ್ಯಾ ಕೇಳಿದಳು. ನಾನು ತಿರುಗಿ ಕೂಡ ನೋಡದೆ, "ಇಂಟು ಹಾಕಿದ್ದನ್ನ ಎತ್ತು" ಅಂದೆ.

ಶಂಕ್ರೆಪ್ಪಣ್ಣ, ಆ ಮಾತು ಬಾಯಿಂದ ಬಿದ್ದದ್ದೇ ನಾನು ಡಬ್ಬದ ಮೇಲೆ ಹಾಕಿದ್ದ ಇಂಟು ನೋಡಿದೆ. ಎದುರಿಗೆ ಟೀವಿಯ ಪಕ್ಕ ನನ್ನ ಚಿತ್ರ. ಅದರಲ್ಲಿ ಅದೇ ಇಂಟು, ಎತ್ತಬೇಡ ಎಂದು ಹೇಳುತ್ತಿದೆ. ಇಪ್ಪತ್ತಾರು ವರ್ಷ ಆ ಗೋದಾಮಿನಲ್ಲಿ 'ಎತ್ತು' ಎಂಬುದಕ್ಕೆ ಇದ್ದ ಗುರುತು ಅದೊಂದೇ. ಹಾಕಿದವನು ನಾನು. ದಿನಕ್ಕೆ ನಲವತ್ತು ಡ್ರಮ್ಮಿಗೆ ಹಾಕಿದ್ದೇನೆ. ಹೊಸದಾಗಿ ಬಂದ ಸೇಫ್ಟಿ ಆಫೀಸರಿಗೆ ಅದು ಗೊತ್ತಿರಲಿಲ್ಲ, ಅವರು ಇಡೀ ಲೋಕ 'ಬೇಡ' ಎಂದು ಓದುವ ಇಂಟು ತಂದು ಅಂಟಿಸಿದರು. ನನಗೆ ಗೊತ್ತಿತ್ತು. ಗೊತ್ತಿದ್ದೂ ಹೊಳೆಯಲಿಲ್ಲ.

ವೈನಿ ಅಜಾಗರೂಕರಲ್ಲ. ನಾನು ಕಲಿಸಿದ್ದನ್ನು ಒಂದಿಷ್ಟೂ ತಪ್ಪಿಲ್ಲದೆ ಓದಿದರು. ಅವರು ಕಸಬರಿಗೆ ಹಿಡಿದಿರುವುದು ನನ್ನ ತಪ್ಪಿಗೆ. ನನ್ನನ್ನು ಕ್ಷಮಿಸಿ ಎಂದು ಅವರಿಗೆ ಓದಿ ಹೇಳಿ.

ಮನೋಹರ

* * *

ಕುರಕುಂಭ
6 ಅಕ್ಟೋಬರ್ 2024

ಸಾಹೇಬರಿಗೆ,

ಓದಿ ಹೇಳಿದೆ. ಎರಡು ಸಲ ಓದಿಸಿದಳು. ಆಮೇಲೆ, "ನಾ ಅವತ್ತ ಇದನ್ನ ಹೇಳಿದ್ನಲ್ಲ" ಎಂದು ಒಳಗೆ ಹೋದಳು. ಹೌದು, ಹೇಳಿದ್ದಳು. ಮುಕಾದಮ ಆದ ನನಗೂ ತಿಳಿಯಲಿಲ್ಲ. ಬರೀ ನಿಮ್ಮ ಮೇಲೆ ಸಿಟ್ಟು ಮಾಡಿದರೆ ನನ್ನ ಪಾಲಿನದು ಎಲ್ಲಿ ಹೋಗುತ್ತದೆ?

ಆದರೆ ಇದನ್ನು ನನಗೆ ಬರೆದು ಏನು ಬಂತು. ಸಹಿ ಎಲ್ಲಿ ಹಾಕಿದ್ದೀರೋ ಅಲ್ಲಿ ಹೋಗಿ ಬರೆಯಿರಿ. ಅಂಚೆ ಮೇಲೆ ಕೇಳುವ ಕ್ಷಮೆ ನಮಗೆ ಬೇಡ.

ಶಂಕ್ರೆಪ್ಪ

* * *

ಕೋಥರೂಡ, ಪುಣೆ
24 ನವೆಂಬರ್ 2024

ಶಂಕ್ರೆಪ್ಪಣ್ಣನವರಿಗೆ,

ಮೂರು ವಾರದ ಹಿಂದೆ ಕುರಕುಂಭಕ್ಕೆ ಬಂದಿದ್ದೆ. ನೀವು ಸುಟ್ಟಿಯಲ್ಲಿದ್ದೀರಿ ಎಂದು ಗೇಟಿನವನು ಹೇಳಿದ. ನಿಮ್ಮ ಟೋಪಿ ಮಾತ್ರ ಗೂಟಕ್ಕೆ ತೂಗುತ್ತಿತ್ತು, ಚಹಾದ ಲೋಟದಿಂದ ಹಬೆ ಏಳುತ್ತಿತ್ತು. ಇರಲಿ.

ಮ್ಯಾನೇಜರ್ ಅಪ್ಪಾಸಾಹೇಬರು ಕುರ್ಚಿ ಕೊಟ್ಟರು. ಪೂರ್ತಿ ಕೇಳಿದರು. ಕೊನೆಗೆ, "ಮುಗದದ್ದನ್ನ ಯಾಕ ಕೆದರ್ತೀರಿ ಮನೋಹರ? ನೀವೇ ಸಹಿ ಮಾಡೀರಿ. ಈಗ ಬ್ಯಾರೇ ಅಂದ್ರ ಕೆಟ್ಟ ಹೆಸರು ನಿಮಗಽ ಬರ್ತದ" ಅಂದರು. ಬರಲಿ ಎಂದೆ. ಅವರು ನಂಬಲಿಲ್ಲ. ನಂಬಬೇಕೆಂದು ನಾನೂ ಕೇಳಲಿಲ್ಲ. ಆರು ತಿಂಗಳಲ್ಲಿ ನಾನು ಕಲಿತ ದೊಡ್ಡ ಪಾಠ ಎಂದರೆ, ಒಂದು ಚಿತ್ರ ಏನು ಹೇಳುತ್ತದೆ ಎಂಬುದನ್ನು ಮಾಡಿದವನು ಹೇಳಬಾರದು, ನೋಡುವವರನ್ನು ಕೇಳಬೇಕು.

ಎರಡು ಖಾಲಿ ಡ್ರಮ್ಮು ತರಿಸಿದೆ. ಒಂದಕ್ಕೆ ಆಫೀಸಿನ ಕೆಂಪು ಚೀಟಿ ಅಂಟಿಸಿದೆ, ಒಂದನ್ನು ಹಾಗೇ ಬಿಟ್ಟೆ. ನಿಮ್ಮ ಗ್ಯಾಂಗಿನವರನ್ನು ಒಬ್ಬೊಬ್ಬರಾಗಿ ಕರೆದು, "ಎರಡರೊಳಗ ಒಯ್ಯೋದು ಯಾವದು?" ಎಂದಷ್ಟೇ ಕೇಳಿದೆ. ಅಪ್ಪಾಸಾಹೇಬರು ಪಕ್ಕದಲ್ಲೇ ನಿಂತಿದ್ದರು. ಹನ್ನೆರಡು ಮಂದಿಯಲ್ಲಿ ಒಂಬತ್ತು ಮಂದಿ ಕೆಂಪು ಇಂಟು ಇದ್ದದ್ದಕ್ಕೇ ಕೈ ಹಾಕಿದರು. ಬಾಕಿ ಮೂವರು ಯಾರು ಗೊತ್ತೇ? ನಾನು ನೌಕರಿ ಬಿಟ್ಟ ಮೇಲೆ ಸೇರಿದವರು, ನನ್ನ ಸೀಮೆಸುಣ್ಣದ ಇಂಟು ನೋಡದವರು. ಅಪ್ಪಾಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು, "ಇಷ್ಟ ಮಂದಿ ಕೈ ಸುಟ್ಟಕೋತಿದ್ರು" ಅಂದರು.

ಅಲ್ಲೇ ಕೂತು ಹೊಸ ಹೇಳಿಕೆ ಬರೆದು ಸಹಿ ಹಾಕಿದ್ದೇನೆ. ಈ ಸಲ ಪೂರ್ತಿ ಓದಿ ಹಾಕಿದೆ. ಅದನ್ನು ಮೇಲಿನವರಿಗೆ ಕಳಿಸುತ್ತಾರೆ, ಏನಾಗುತ್ತದೋ ಗೊತ್ತಿಲ್ಲ. ಆದರೆ ಆ ಕೆಂಪು ಚೀಟಿಗಳನ್ನು ಅವತ್ತೇ ಕೀಳಿಸಿದರು. ಹೊಸ ಗುರುತು ಮಾಡಿಕೊಡಿ ಎಂದು ನನಗೆ ಹೇಳಿದ್ದಾರೆ. ನನ್ನ ಮೊದಲ ಕೆಲಸ.

ಮೂರು ವಾರದಿಂದ ಬರೆದು ಬರೆದು ಹರಿದು ಹಾಕುತ್ತಿದ್ದೇನೆ. ಬುರುಡೆ ಬರೆದರೆ ದೆವ್ವದ ಸಿನಿಮಾ ಅನ್ನುತ್ತಾರೆ. ಬೆಂಕಿ ಬರೆದರೆ ಒಲೆ. ವೈನಿಯನ್ನು ಒಂದು ಮಾತು ಕೇಳುತ್ತೀರಾ? ಮುಟ್ಟಿದರೆ ಸುಡುತ್ತದೆ ಎಂದು, ಓದು ಬರದವರಿಗೆ, ಮಾತೇ ಇಲ್ಲದೆ ಅವರಾದರೆ ಹೇಗೆ ಹೇಳುತ್ತಿದ್ದರು? ಹಿಂದೆ ಅವರು ಹೇಳಿದಾಗ ನಾನು ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ.

ಮನೋಹರ

* * *

ಕುರಕುಂಭ
15 ಡಿಸೆಂಬರ್ 2024

ಮನೋಹರ ಅವರಿಗೆ,

ಟೋಪಿ ಮರೆತು ಹೋಗಿದ್ದೆ. ಚಹಾ ಬೇರೆಯವರದು.

ನಿಮ್ಮ ಪ್ರಶ್ನೆ ಕೇಳಿದಾಗ ಯಮನವ್ವ ಒಲೆಯ ಮುಂದೆ ಇದ್ದಳು. ರೊಟ್ಟಿ ಬಡಿಯುತ್ತಲೇ ಇದ್ದಳು. ನಾನೂ ಬಿಟ್ಟು ತಟ್ಟೆ ತರಲು ಎದ್ದೆ. ಹಂಚು ಇಳಿಸುವಾಗ ಅವಳ ಬೆರಳಿಗೆ ಚುರುಕ್ ಅಂತು. ಅವಳು ಎರಡು ಬೆರಳಿನಿಂದ ಕಿವಿಯ ಹಾಲೆ ಹಿಡಕೊಂಡಳು. ಸುಟ್ಟರೆ ಎಲ್ಲರೂ ಮಾಡುವುದು ಅದನ್ನೇ ಅಲ್ಲವೇ, ಕಿವಿ ತಣ್ಣಗಿರುತ್ತದೆ ಎಂದು. ಹಾಗೇ ಕಿವಿ ಹಿಡಿದುಕೊಂಡು ನನ್ನ ಕಡೆ ನೋಡಿ ನಕ್ಕಳು.

"ಇದನ್ನ ಬರೀ ಅಂತ ಹೇಳ್ರಿ" ಅಂದಳು. "ಇದಕ್ಕ ಸಾಲಿ ಕಲಿಬೇಕಾಗಿಲ್ಲ. ನಮ್ಮವ್ವಗೂ ಗೊತ್ತಿತ್ತು, ನಾಳೆ ಹುಟ್ಟೋ ಕೂಸಿಗೂ ಗೊತ್ತಾಗ್ತದ."

ಅವಳು ಇನ್ನೂ ಹೇಳಿದ್ದು: ಎರಡೂ ಕೈಯಿಂದ ಎರಡೂ ಕಿವಿ ಹಿಡಿಸಬಾರದು, ಅದು ತಪ್ಪಾಯಿತು ಎಂದು ಕೇಳಿದ ಹಾಗೆ ಆಗುತ್ತದೆ. ಒಂದೇ ಕೈ, ಎರಡೇ ಬೆರಳು, ಮುಖ ಕಿವುಚಿರಬೇಕು. ಡ್ರಮ್ಮು ಪಕ್ಕದಲ್ಲೇ ಇರಬೇಕು.

ನಿಮಗೆ ಎದುರಿಗೆ ನೋಡಿ ಬರೆಯುವುದು ಬೇಕಾದರೆ ಬರುತ್ತಾಳಂತೆ. ನಾನು ಬರುವುದಿಲ್ಲ.

ಶಂಕ್ರೆಪ್ಪ

* * *

ಕೋಥರೂಡ, ಪುಣೆ
9 ಫೆಬ್ರವರಿ 2025

ಶಂಕ್ರೆಪ್ಪಣ್ಣನವರಿಗೆ,

ನಮ್ಮ ಕ್ಲಾಸಿಗೆ ಬಂದು ಹೋದ ವೈನಿ ಮನೆಗೆ ಸುಖವಾಗಿ ಮುಟ್ಟಿದ್ದಾರೆ ಎಂದುಕೊಂಡಿದ್ದೇನೆ. ನೀವು ಬರುವುದಿಲ್ಲ ಎಂದು ಬರೆದಿರಿ. ಸ್ವಾರಗೇಟಿನ ಬಸ್ ಸ್ಟ್ಯಾಂಡಿನಲ್ಲಿ ಬೆಳಿಗ್ಗೆಯಿಂದ ಸಂಜೆ ತನಕ ಒಂದೇ ಬೆಂಚಿನ ಮೇಲೆ ಕೂತಿದ್ದಿರಂತೆ. ಭಾಗ್ಯಾ ಕಟ್ಟಿಕೊಟ್ಟ ಬುತ್ತಿ ನಿಮಗಾಗಿಯೇ. ಡಬ್ಬಿ ವಾಪಸು ಕೊಡಲು ಆದರೂ ಒಂದು ದಿನ ಬರಬೇಕಾಗುತ್ತದೆ.

ಅವತ್ತು ಕ್ಲಾಸಿನಲ್ಲಿ ನಡೆದದ್ದನ್ನು ಅವರು ಹೇಳಿರುತ್ತಾರೆ, ನಾನೂ ಹೇಳುತ್ತೇನೆ. ವೈನಿಯನ್ನು ಕಿಟಕಿಯ ಬೆಳಕಿಗೆ ಕೂಡಿಸಿದೆವು. ಹದಿನಾರು ಹುಡುಗ ಹುಡುಗಿಯರು ಸುತ್ತ ಕೂತು ಬರೆದರು. ನಾನು ಎಡಗೈ ಬರೆಯೋಣ ಎಂದೆ, ಸಂಕೋಚ ನನಗೆ. ವೈನಿ ಬಲಗೈಯನ್ನೇ ಎತ್ತಿ ಕಿವಿಗೆ ಹಿಡಿದರು. "ಕೂಡಿಕೊಂಡ ಬೆರಳ ಹಂಗಽ ಬರೀರಿ. ಬಿಡಿಸಿ ಬರದ್ರ ಅದು ನನ್ನ ಕೈ ಅಲ್ಲ" ಅಂದರು. ನಾನು ಅದನ್ನು ಮರಾಠಿಯಲ್ಲಿ ಹೇಳಿದಾಗ ಎಲ್ಲರೂ ಪೆನ್ಸಿಲ್ ಎತ್ತಿಕೊಂಡರು. ನಾನು ಮೊದಲು ಬರೆದದ್ದು ಆ ಎರಡು ಬೆರಳನ್ನೇ.

ನಿನ್ನೆ ಪರೀಕ್ಷೆ. ಹೊರಗಿನಿಂದ ಮೂವರು ದೊಡ್ಡ ಡಿಸೈನರ್‌ಗಳು ಬಂದಿದ್ದರು. ಒಬ್ಬರು ನನ್ನ ಚಿತ್ರದ ಮುಂದೆ ನಿಂತು, ಎಲ್ಲರೂ ಬಳಸುವ ಚಿಹ್ನೆ ಬಿಟ್ಟು ಇದೇಕೆ ಎಂದು ಕೇಳಿದರು. ನಾನು ಗೋದಾಮಿನ ಕಥೆ ಹೇಳಿದೆ. ನನ್ನ ಸಹಿಯ ಕಥೆಯನ್ನೂ ಬಿಡಲಿಲ್ಲ. ಅವರು, "ಇಷ್ಟು ತಡವಾಗಿ ಈ ಕೆಲಸಕ್ಕೆ ಬಂದಿರಲ್ಲ" ಅಂದರು. ಶೀತಲ್ ಮೇಡಂ ನನಗಿಂತ ಮೊದಲೇ ಉತ್ತರ ಕೊಟ್ಟರು: "ತಡವಾಗಿ ಅಲ್ಲ ಸರ್, ಕಾಕಾ ಇಪ್ಪತ್ತಾರು ವರ್ಷ ಅಭ್ಯಾಸ ಮಾಡಿ ಬಂದಿದ್ದಾರೆ." ಗೋದಾಮಿನ ವರ್ಷಗಳು ದಂಡ ಆದವು ಎಂದು ಎಷ್ಟು ಸಲ ಅಂದುಕೊಂಡಿದ್ದೆ ನಾನು.

ಮೊದಲ ನಂಬರು ಬಂದಿದೆ. ಸದಾಶಿವ ಪೇಠದಲ್ಲೇ ಒಂದು ಸಣ್ಣ ಡಿಸೈನ್ ಆಫೀಸಿನಲ್ಲಿ ಬರುವ ತಿಂಗಳಿಂದ ಕೆಲಸ. ಇವತ್ತು ಲಿಫ್ಟಿನಲ್ಲಿ ಪಕ್ಕದ ಮನೆಯವರು, "ಇನ್ನೂ ಸುಟ್ಟಿಯೇ?" ಎಂದು ಕೇಳಿದರು. "ಇಲ್ಲ, ನಾನು ಗ್ರಾಫಿಕ್ ಡಿಸೈನರ್" ಅಂದೆ. ಕಾಯಿಪಲ್ಲೆ ಚೀಲದಿಂದ ಕಾಗದ ತೆಗೆದು ತೋರಿಸಿಯೂ ಬಿಟ್ಟೆ. ನಮ್ಮ ನಾಲ್ಕನೇ ಅಂತಸ್ತು ದಾಟಿದ್ದೂ ತಿಳಿಯದೆ ಏಳನೆಯದಕ್ಕೆ ಹೋದೆವು.

ಚಿತ್ರವನ್ನು ಅಪ್ಪಾಸಾಹೇಬರಿಗೆ ಕಳಿಸಿದ್ದೇನೆ. ವರದಿಯ ವಿಷಯ ಅವರು ಇನ್ನೂ ಏನೂ ತಿಳಿಸಿಲ್ಲ. ಅದು ಆಗದಿದ್ದರೆ ಈ ನಂಬರು ತಗೊಂಡು ನಾನೇನು ಮಾಡಲಿ?

ಮನೋಹರ

* * *

ಕುರಕುಂಭ
4 ಮೇ 2025

ತಮ್ಮಾ ಮನೋಹರ,

ವರದಿ ಬದಲಾಯಿತು. ಏಪ್ರಿಲ್ ಕೊನೆಗೆ ಅಪ್ಪಾಸಾಹೇಬರು ಎಲ್ಲರನ್ನೂ ಅಂಗಳದಲ್ಲಿ ಕೂಡಿಸಿ ಓದಿದರು. 'ಅಪಘಾತಕ್ಕೆ ಸೂಚನಾ ಚೀಟಿಯೇ ಕಾರಣ, ಕಾರ್ಮಿಕ ಮಹಿಳೆಯ ತಪ್ಪು ಇಲ್ಲ' ಎಂದು. ಯಮನವ್ವ ನಿಂತಲ್ಲಿಂದ, "ಇನ್ನೊಮ್ಮೆ ಓದ್ರಿ, ಹಿಂದ ನಿಂತವರಿಗೆ ಕೇಳಿಲ್ಲ" ಅಂದಳು. ಎಲ್ಲರಿಗೂ ಕೇಳಿತ್ತು. ಅವರು ಇನ್ನೊಮ್ಮೆ ಓದಿದರು. ಬೇಫಿಕೀರ್ ಅಂದ ಸೂಪರ್‌ವೈಜರ್ ಮುಂದಿನ ಸಾಲಿನಲ್ಲೇ ನಿಂತು ಕೇಳಿದ.

ಈಗ ಅವಳ ಕೈಯಲ್ಲಿ ಕಸಬರಿಗೆ ಇಲ್ಲ. ಹೊಸದಾಗಿ ಬರುವ ಹೆಣ್ಣುಮಕ್ಕಳಿಗೆ ಗೋದಾಮು ತೋರಿಸಿ ತಿಳಿಸಿ ಹೇಳುವ ಕೆಲಸ. ನಿನ್ನ ಚಿತ್ರ ಪ್ರತಿ ಆಸಿಡ್ ಡ್ರಮ್ಮಿನ ಮೇಲೆ ಇದೆ, ಗೋಡೆಯ ಮೇಲೆ ಬಾಗಿಲಷ್ಟು ಎತ್ತರದ್ದು ಒಂದು ಇದೆ. ಅದರ ಕೆಳಗೆ ನಿಂತು, "ಇದು ನನ್ನ ಕೈ, ಬೆರಳ ನೋಡ್ರಿ" ಎಂದು ಶುರು ಮಾಡುತ್ತಾಳೆ. ಹೆಮ್ಮೆ ನೋಡಬೇಕು ಅವಳದು. ನನಗೂ ಹೆಮ್ಮೆ. ಬರೆದವರು ಯಾರು ಎಂದು ಯಾರಾದರೂ ಕೇಳಿದರೆ, ನಮ್ಮ ತಮ್ಮ, ಪುಣೆಯಲ್ಲಿ ದೊಡ್ಡ ಡಿಸೈನರ್ ಅನ್ನುತ್ತೇನೆ. ಕೇಳದಿದ್ದರೂ ಅನ್ನುತ್ತೇನೆ.

ಇನ್ನು ನಿನ್ನೆಯ ಮಾತು. ನಮ್ಮ ಯಾದಗಿರಿ ಕಡೆಯಿಂದ ಬೋರಮ್ಮ ಎಂಬ ಹೊಸ ಹೆಣ್ಣುಮಗಳು ಬಂದಳು. ಮೊದಲ ದಿನ. ಮರಾಠಿ ಬರುವುದಿಲ್ಲ, ಅಕ್ಷರ ಗೊತ್ತಿಲ್ಲ. ಯಮನವ್ವ ಇನ್ನೂ ಬಾಗಿಲಲ್ಲಿದ್ದಳು, ಯಾರೂ ಆಕೆಗೆ ಏನೂ ಹೇಳಿರಲಿಲ್ಲ. ಆಕೆ ಸೀದಾ ಹೋಗಿ ಆಸಿಡ್ ಡ್ರಮ್ಮಿಗೆ ಕೈ ಚಾಚಿದಳು. ನಾನು ಕೂಗಬೇಕು ಅನ್ನುವುದರೊಳಗೆ ಚಿತ್ರ ನೋಡಿದಳು. ಚಾಚಿದ ಕೈ ಹಿಂದೆ ಬಂತು. ತನಗೇ ಗೊತ್ತಿಲ್ಲದ ಹಾಗೆ ಹೋಗಿ ತನ್ನ ಕಿವಿಯ ಹಾಲೆ ಹಿಡಕೊಂಡಿತು.

ನಾ ಅಲ್ಲೇ ನಿಂತು ನಿನಗ ಫೋನ್ ಹಚ್ಚೀನಿ ತಮ್ಮಾ. ಇದನ್ನ ಬಾಯಿಲೇ ಹೇಳಬೇಕು ಅನಿಸ್ತು. ಮೂರು ಸಲ ಹಚ್ಚೀನಿ, ರಿಂಗ್ ಮುಗಿಯೋತನಕ ಬಿಟ್ಟಿ, ನೀ ಎತ್ತಲಿಲ್ಲ. ಭಾಗ್ಯಾಗ ಹಚ್ಚಿ ಕೇಳಿದ್ರ, "ಅವರು ಕೆಲಸದಾಗ ಅದಾರ್ರಿ ಅಣ್ಣಾರ, ಕೆಲಸ ಮಾಡುಮುಂದ ಯಾರ ಫೋನೂ ಎತ್ತೂದಿಲ್ಲ" ಅಂದ್ಳು.

ಅದಕ್ಕೇ ಈ ಪತ್ರ.

ನಿನ್ನ ಅಣ್ಣ,
ಶಂಕ್ರೆಪ್ಪ